ದೇವಕ್ಕನ ಪ್ರವೇಶ

“ಇನ್ನೊಂದೀಟು ಮ್ಯಾಲ ಕಟ್ಟೋ, ಹಳ್ಳದ ಆಚಿ ಮಂದಿಗೂ ಕೇಳ್ಲಿ,” ಎಂದು ಕಾಡಪ್ಪ ಬೇವಿನ ಗಿಡದ ಕೆಳಗೆ ನಿಂತು ಕೂಗಿದ. ಗಿಡದ ಮೇಲೆ ಅವನ ಮಗ ಕಲ್ಮೇಶ ಹಲ್ಲಲ್ಲಿ ವೈರು ಕಚ್ಚಿಕೊಂಡು ಸ್ಪೀಕರ್ ಬಿಗಿಯುತ್ತಿದ್ದ. ಅದೇ ಗಿಡದ ನೆರಳಲ್ಲಿ, ಟ್ರ್ಯಾಕ್ಟರಿನ ಟ್ರಾಲಿಯ ಮೇಲೆ, ಕಾಡಪ್ಪನ ತಂಗಿ ದೇವಕ್ಕನ ಹೆಣವನ್ನು ಕೂಡಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಸೇವಂತಿಗೆ ಮಾಲೆ, ತಲೆ ಬಾಗದ ಹಾಗೆ ಹಿಂದಿನ ಕೋಲಿಗೆ ಕಟ್ಟಿದ ಬಿಳಿ ಬಟ್ಟೆ. ಟ್ರಾಲಿಯ ಹಿಂದೆ ಅವಳಿಗಿಂತ ದೊಡ್ಡ ಫ್ಲೆಕ್ಸ್ ನಿಂತಿತ್ತು. ಅದರಲ್ಲಿ ಟಿ.ವಿ. ಸೀರಿಯಲ್ಲಿನ ಕೆಟ್ಟ ಅತ್ತೆಯ ವೇಷದಲ್ಲಿ ದೇವಕ್ಕ ಕಣ್ಣು ಕೆಕ್ಕರಿಸಿದ್ದಳು, ಮೂಲೆಯಲ್ಲಿ ಕಲ್ಮೇಶ ಕೈಮುಗಿದು ನಗುತ್ತಿದ್ದ. ಮಗನನ್ನು ಪಂಚಾಯ್ತಿ ಇಲೆಕ್ಷನ್ನಿಗೆ ನಿಲ್ಲಿಸುವ ಗಂಡಸು ಇಂಥ ಸಾವನ್ನು ಬರಿದೇ ಮಣ್ಣಿಗೆ ಹಾಕುತ್ತಾನೆಯೇ?

ಟ್ರಾಲಿಯ ಅಂಚಿನಲ್ಲಿ, ತಾಯಿಯ ಕಾಲು ಹಿಡಿದು, ಮಗಳು ಅನ್ನಪೂರ್ಣಾ ಕೂತಿದ್ದಳು. ಅವಳಿಗೆ ಅಳುವುದಕ್ಕಿಂತ ಹೆಚ್ಚು ಸಿಟ್ಟು ಬಂದಿತ್ತು. ಬದುಕಿದ್ದಾಗ ತಂಗಿಯನ್ನು ಈ ಹೊಲದ ಬದುವಿಗೂ ಬರಗೊಡದವನು, ಸತ್ತ ಮೇಲೆ ಬೈಲಹೊಂಗಲದಿಂದ ಸಂಗೊಳ್ಳಿಯ ತನಕ ಮೆರವಣಿಗೆ ತೆಗೆದಿದ್ದ. ಎಮ್ಮೆಲ್ಲೆ ಬರುತ್ತಾರಂತೆ, ಟಿ.ವಿ.ಯವರು ಬರುತ್ತಾರಂತೆ. ಅನ್ನಪೂರ್ಣಾ ಎಲ್ಲವನ್ನೂ ನುಂಗಿಕೊಂಡು ಕೂತದ್ದು ಒಂದೇ ಒಂದು ಕಾರಣಕ್ಕೆ. “ನನ್ನ ನಮ್ಮವ್ವನ ಮಗ್ಗಲಾಗ ಇಡ, ಬ್ಯಾರೆ ಏನೂ ಬೇಡಾಂಗಿಲ್ಲ,” ಎಂದು ದೇವಕ್ಕ ದವಾಖಾನೆಯ ಮಂಚದ ಮೇಲೆ ಹೇಳಿದ್ದಳು. ಆ ಅವ್ವನನ್ನು ಹೂಳಿದ ಗದ್ದುಗೆ ಇದ್ದದ್ದು ಕಾಡಪ್ಪನ ಈ ಹೊಲದಲ್ಲಿ. ಅದರ ಪಕ್ಕದಲ್ಲೇ ಈಗ ಹೊಸ ಕುಣಿ ತೋಡಿದ್ದರು. ಹೊಲ ಅವನದು, ಆದ್ದರಿಂದ ಮಾತೂ ಅವನದು.

ಕಲ್ಮೇಶ ಗಿಡ ಇಳಿದು ಗುಂಡಿ ಒತ್ತಿದ. ಸ್ಪೀಕರ್ ಒಮ್ಮೆ ಕರಕರ ಅಂದು, ಹೆಣ್ಣುದನಿಯೊಂದು ಹೊಲದ ತುಂಬ ಬಿತ್ತು.

“ಈ ಮನೆ ಹೊಸ್ತಿಲು ದಾಟಬೇಕು ಅಂದ್ರೆ ನನ್ನ ಅಪ್ಪಣೆ ಬೇಕು, ನೆನಪಿರ್ಲಿ.”

ಕುಂತವರೆಲ್ಲ ಎದ್ದರು. ಸೀರಿಯಲ್ಲಿನ ಆ ಮಾತು ಕೂಸುಕುನ್ನಿಗೂ ಬಾಯಿಪಾಠವಾಗಿತ್ತು. ಮೊಬೈಲುಗಳು ಮೇಲೆದ್ದವು.

“ಕಲ್ಮೇಶ, ಅದನ್ನ ಬಂದ್ ಮಾಡು,” ಎಂದಳು ಅನ್ನಪೂರ್ಣಾ.

“ಯಾಕಕ್ಕಾ? ಮಂದಿ ಬಂದಿದ್ದು ಅತ್ತಿ ಡೈಲಾಗ ಕೇಳಾಕ.”

“ಅದು ನಮ್ಮವ್ವನ ದನಿ ಅಲ್ಲ.”

ಕಲ್ಮೇಶ ಅಪ್ಪನ ಮುಖ ನೋಡಿ ನಕ್ಕ. “ದುಃಖದಾಗ ಹಂಗ ಅನಸ್ತೈತಕ್ಕಾ, ಒಂದೀಟು ನೀರ ಕುಡಿ,” ಎಂದು ಮತ್ತೆ ಗುಂಡಿ ಒತ್ತಿದ.

* * *

ರಾಮದುರ್ಗದಲ್ಲಿ ಗಂಡನ ಹೊಡೆತ ತಾಳಲಾರದೆ, ಕೂಸು ಅನ್ನಪೂರ್ಣಾಳನ್ನು ಬಗಲಲ್ಲಿ ಎತ್ತಿಕೊಂಡು ಮನೆ ಬಿಟ್ಟಾಗ ದೇವಕ್ಕ ಮೊದಲು ಬಂದದ್ದು ತವರಿಗೇ. ಕಾಡಪ್ಪ ಹೊಸ್ತಿಲಲ್ಲೇ ನಿಂತು, “ಗಂಡನ ಮನಿ ಬಿಟ್ಟಾಕಿಗೆ ಇಲ್ಲೇ ಜಾಗ ಇಲ್ಲ,” ಎಂದ. ಅವಳು ತಿರುಗಿ ರಾಮದುರ್ಗಕ್ಕೇ ಹೋದಳು. ಆದರೆ ಗಂಡನ ಮನೆಗಲ್ಲ, ಅಲ್ಲಿ ಕ್ಯಾಂಪು ಹಾಕಿದ್ದ ನಾಟಕ ಕಂಪನಿಗೆ. ಅಡುಗೆ ಕೆಲಸ ಸಿಕ್ಕಿತು. ಒಂದು ದಿನ ಅವಳು ನೀರು ತರುವವನಿಗೆ ಬೈಯುವುದನ್ನು ಕಂಪನಿ ಮಾಲೀಕ ಗೇಟಿನಲ್ಲಿ ನಿಂತು ಕೇಳಿದ. ಹಿಂದಿನ ಸಾಲಿನವರೆಗೆ ಮುಟ್ಟುವ ದನಿ ಒಲೆಯ ಮುಂದೆ ಯಾಕೆ ಹಾಳಾಗಬೇಕು ಎಂದು ಪಾತ್ರ ಕೊಟ್ಟ.

ಸವದತ್ತಿ ಕ್ಯಾಂಪಿನಲ್ಲಿ ಅವಳ ಮೊದಲ ನಾಟಕ. ಹಾರ್ಮೋನಿಯಂ ಬಾರಿಸುವ ಪೇಟಿ ಮಾಸ್ತರ ಖಾಸಿಮಸಾಬ ಅವಳ ಪ್ರವೇಶದ ಹಾಡಿನ ಮೊದಲ ಸಾಲು ಬಾರಿಸಿದ. ದೇವಕ್ಕ ಪರದೆಯ ಬದಿಯಲ್ಲಿ ಕಲ್ಲಾಗಿ ನಿಂತಿದ್ದಳು, ಕಾಲು ಏಳಲಿಲ್ಲ. ಕಂಪನಿಯಲ್ಲಿ ಒಂದು ರೂಢಿ: ಪಾತ್ರ ರಂಗಕ್ಕೆ ಬರುವ ತನಕ ಪೇಟಿ ಮುಂದಿನ ಸಾಲಿಗೆ ಹೋಗುವಂತಿಲ್ಲ. ಖಾಸಿಮಸಾಬ ಅದೇ ಸಾಲನ್ನು ಮತ್ತೆ ಬಾರಿಸಿದ, ಮತ್ತೆ ಬಾರಿಸಿದ. ಮಂದಿ ಸೀಟಿ ಹಾಕಿದರು. ಮಾಲೀಕ ಒಳಗಿನಿಂದ ಹಲ್ಲು ಕಡಿದ. ಕೊನೆಗೆ ದೇವಕ್ಕ ಬಂದಳು. ಬಂದು ಬಾಯಿ ತೆರೆದಳು ನೋಡಿ, ಸೀಟಿ ಹಾಕಿದವರು ತೆಪ್ಪಗೆ ಕೂತರು.

“ಎಷ್ಟೊತ್ತಂತ ಅದನ್ನ ಬಾರಸಾವರಿದ್ರಿ ಮಾಸ್ತರ?” ಎಂದು ಆಮೇಲೆ ಬಣ್ಣ ಒರೆಸಿಕೊಳ್ಳುತ್ತ ಕೇಳಿದಳು.

“ನೀ ಬರೂತನಕ ಬಿಡಾಂಗಿಲ್ಲವಾ. ಅದ ನನ್ನ ಕೆಲಸ,” ಎಂದ ಖಾಸಿಮಸಾಬ.

ಕಿತ್ತೂರಿನಲ್ಲಿ ಆಟ ಮುಗಿಸಿದ ಹೊತ್ತಿಗೆ ಅವ್ವ ತೀರಿದ ಸುದ್ದಿ ಬಂತು. ದೇವಕ್ಕ ಸಿಕ್ಕ ಲಾರಿ ಹತ್ತಿ ಬಂದಳು. ಕಿವಿಯ ಹಿಂದೆ ಇನ್ನೂ ಬಣ್ಣ ಉಳಿದಿತ್ತು. ಇದೇ ಹೊಲದ ಬದುವಿನ ಮೇಲೆ ಕಾಡಪ್ಪ ಅಡ್ಡ ನಿಂತ.

“ಮಾರಿಗೆ ಬಣ್ಣ ಹಚ್ಚಿದಾಕಿ ನಮ್ಮವ್ವಗ ಮಣ್ಣ ಹಾಕಾಂಗಿಲ್ಲ.”

ಅವಳು ಎಷ್ಟು ಬೇಡಿದರೂ ಅವನು ಬಿಡಲಿಲ್ಲ. ಬದುವಿನ ಆಚೆ ನಿಂತೇ ಅವ್ವನಿಗೆ ಮಣ್ಣು ಬೀಳುವುದನ್ನು ನೋಡಿ ಹೋದಳು.

* * *

ಹೊಲದ ಬದಿಗೆ ಬಂದು ನಿಂತ ಆಟೋದಿಂದ ಖಾಸಿಮಸಾಬ ಇಳಿದ. ವಯಸ್ಸಾಗಿ ಬೆನ್ನು ಬಾಗಿತ್ತು, ಎದೆಗೆ ಪೇಟಿ ಅವಚಿಕೊಂಡಿದ್ದ. ಕಾಡಪ್ಪ ದೂರದಿಂದಲೇ ಕೈ ಅಡ್ಡ ಹಿಡಿದ.

“ಮಾಸ್ತರ, ಭಜನಿಯವರು ಅದಾರ. ನಿಮ್ಮ ಪೇಟಿ ಏನೂ ಬೇಕಾಗಿಲ್ಲ. ಕಂಪನಿ ಮಂದಿ ಸಂಬಂಧ ಎಂದೋ ಹರದ ಹೋಗೇತಿ.”

“ನಾ ಬಾರಸಾಕ ಬಂದಿಲ್ರಿ ಕಾಡಪ್ಪನವರ. ಮಣ್ಣಿಗೆ ಬಂದೇನಿ.”

“ಹಂಗಾರ ಅಲ್ಲೇ ದೂರ ಕುಂದರ್ರಿ.”

ಖಾಸಿಮಸಾಬ ಬದುವಿನ ಮೇಲೆ ಕೂತ. ಸ್ಪೀಕರಿನಲ್ಲಿ ಅತ್ತೆ ಸೊಸೆಯನ್ನು ಹೊರಗೆ ಹಾಕುತ್ತಿದ್ದಳು. ಮಾಸ್ತರ ಒಂದು ಗಳಿಗೆ ಕಿವಿಗೊಟ್ಟು, ಅನ್ನಪೂರ್ಣಾಳ ಕಡೆ ನೋಡಿ, ಇದೇನವ್ವಾ ಎಂಬಂತೆ ಕೈ ತಿರುವಿದ.

* * *

ಕಿತ್ತೂರು ಕ್ಯಾಂಪಿನಲ್ಲಿಯೇ ಒಬ್ಬ ಸಿನಿಮಾದವನು ದೇವಕ್ಕನನ್ನು ನೋಡಿ ಬೆಂಗಳೂರಿಗೆ ಕರೆಸಿದ್ದ. ಮೊದಲ ಶಾಟಿನಲ್ಲಿ “ಆ್ಯಕ್ಷನ್” ಅಂದರೂ ದೇವಕ್ಕ ಕಿವಿ ನಿಮಿರಿಸಿಕೊಂಡು ಸುಮ್ಮನೆ ನಿಂತಳು. ಪೇಟಿ ಕೇಳದೆ ಹೇಗೆ ಹೋಗುವುದು? ಸೆಟ್ಟಿನವರೆಲ್ಲ ನಕ್ಕರು. ಬಾಯಿ ಬಿಟ್ಟಾಗ ಸೌಂಡಿನವನು ಕಿವಿಯ ಹೆಡ್‌ಫೋನ್ ಕಿತ್ತೆಸೆದ. “ಅಮ್ಮಾ, ಮೈಕು ನಿಮ್ಮ ಸೆರಗಲ್ಲೇ ಇದೆ, ಯಾಕೆ ಹಂಗೆ ಕಿರುಚ್ತೀರಾ?” ಎಂದ.

ಕಲಿತಳು. ಕೈ ಚಿಕ್ಕದು ಮಾಡಿದಳು, ದನಿ ತಗ್ಗಿಸಿದಳು, ಕೆಲಸವನ್ನೆಲ್ಲ ಕಣ್ಣಿಗೆ ಹಚ್ಚಿದಳು. ಸೂಲಗಿತ್ತಿ, ಕೆಲಸದವಳು, ಸತ್ತವರ ಮನೆಯಲ್ಲಿ ಅಳುವವಳು ಎಂದು ಪಾತ್ರಗಳು ಬಂದವು. ಹರೆಯ ಇಳಿದ ಮೇಲೆ ಸೀರಿಯಲ್ಲಿನ ಅತ್ತೆ ಸಿಕ್ಕಳು. ಅಲ್ಲಿಯ ಡೈರೆಕ್ಟರ್ ಮೊದಲ ದಿನವೇ ಮುಚ್ಚುಮರೆ ಇಲ್ಲದೆ ಹೇಳಿದ: “ನಿಮ್ಮ ಮುಖ ಬೇಕು ಅಮ್ಮಾ, ನಿಮ್ಮ ಭಾಷೆ ಬೇಡ. ದನಿ ಬೇರೆಯವರು ಕೊಡ್ತಾರೆ.” ದೇವಕ್ಕ ಸುಮ್ಮನೆ ತಲೆಯಾಡಿಸಿದಳು. ಮಗಳ ಮದುವೆ, ಬೈಲಹೊಂಗಲದ ಮನೆ, ಎಲ್ಲ ಆ ತಲೆಯಾಡಿಸಿದ್ದರಿಂದಲೇ ಆಯಿತು.

ಆಮೇಲೆ ಬೈಲಹೊಂಗಲದ ಸಂತೆಯಲ್ಲಿ ಬದನೆಕಾಯಿಗೆ ಚೌಕಾಸಿ ಮಾಡುವಾಗ ಹೆಂಗಸರು ಅವಳ ಬಾಯನ್ನೇ ನೋಡುತ್ತಿದ್ದರು. “ಟಿ.ವಿ.ಯಾಗ ಎಷ್ಟ ಚಂದ ಮಾತಾಡತೀರಿ, ಇಲ್ಲ್ಯಾಕ ಹಿಂಗ?” ಎಂದು ಒಬ್ಬಳು ಕೇಳಿಯೇ ಬಿಟ್ಟಳು. ಅವತ್ತಿನಿಂದ ದೇವಕ್ಕ ಮನೆಯಲ್ಲಿ ಸೀರಿಯಲ್ ನೋಡುವಾಗ ಟಿ.ವಿ.ಯ ದನಿ ಪೂರ್ತಿ ತೆಗೆದುಬಿಡುತ್ತಿದ್ದಳು. ಪರದೆಯ ಮೇಲೆ ತನ್ನ ತುಟಿ ಆಡಿದಂತೆ ಇಲ್ಲಿ ಕೂತು ತಾನೇ ಮಾತು ಹೇಳುತ್ತಿದ್ದಳು, ಸಂಗೊಳ್ಳಿಯ ಮಾತಿನಲ್ಲಿ, ಹಿಂದಿನ ಸಾಲಿಗೆ ಮುಟ್ಟುವಂತೆ. ಅನ್ನಪೂರ್ಣಾ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದಳು. ಆ ದನಿಯನ್ನು ಯಾರೂ ಹಿಡಿದಿಡಲಿಲ್ಲ, ಮಗಳಿಗೂ ಅದು ಹೊಳೆಯಲಿಲ್ಲ.

* * *

ಕ್ರಿಯೆ ಮಾಡಿಸುವ ಅಯ್ಯನವರು ಬಂದರು, ಎಮ್ಮೆಲ್ಲೆ ಬರಲಿಲ್ಲ. ಹೆಣ ಇಳಿಸಲು ಮಂದಿ ಟ್ರಾಲಿಗೆ ಕೈ ಹಚ್ಚಿದರು. ಆಗಲೂ ಸ್ಪೀಕರ್ ನಿಲ್ಲಲಿಲ್ಲ.

“ಕುಣಿಗೆ ಇಳಸೂ ಮುಂದರ ಅದನ್ನ ನಿಂದ್ರಸ್ರಿ ಮಾಮಾ,” ಎಂದಳು ಅನ್ನಪೂರ್ಣಾ.

“ನನ್ನ ಹೊಲ ಇದು. ಮಣ್ಣ ಮುಚ್ಚೂತನಕ ಹಾಡತೈತಿ. ಮನಸ್ಸಿಲ್ಲಂದ್ರ ನಿಮ್ಮವ್ವನ್ನ ಹೊತಗೊಂಡ ಬೈಲಹೊಂಗಲಕ್ಕ ನಡಿ.”

ಕುಣಿ ಕಣ್ಣೆದುರೇ ಇತ್ತು, ಅವ್ವನ ಅವ್ವ ಆಯಿಯ ಗದ್ದುಗೆ ಅದರ ಮಗ್ಗುಲಲ್ಲೇ ಇತ್ತು. ಇಷ್ಟು ದೂರ ಬಂದು ಅವ್ವನನ್ನು ಮರಳಿ ಹೊತ್ತುಕೊಂಡು ಹೋಗುವುದೇ? ಸುಮ್ಮನಾಗಬೇಕೆಂದು ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಅಷ್ಟರಲ್ಲಿ ಸ್ಪೀಕರ್ ಮತ್ತೆ ಹೊಸ್ತಿಲು, ಅಪ್ಪಣೆ ಎಂದು ಶುರುವಾಯಿತು. ಸೆರಗು ಬಾಯಿಂದ ತಾನಾಗಿ ಜಾರಿತು.

“ಮಾಮಾ, ಒಂದ ಮಾತ. ಇಷ್ಟ ಮಂದಿ ಮುಂದ ನಮ್ಮ ಆಯಿ ಗದ್ದಿಗಿ ಮುಟ್ಟಿ ಹೇಳ್ರಿ, ಇದು ನಿಮ್ಮ ತಂಗಿ ದನಿ ಅಂತ. ಹೇಳಿದ್ರ ನಾ ತುಟಿ ಬಿಚ್ಚಾಂಗಿಲ್ಲ.”

ಕಾಡಪ್ಪ ಹಿಂದೆಮುಂದೆ ನೋಡಲಿಲ್ಲ. ದಾಪುಗಾಲು ಹಾಕಿ ಹೋಗಿ ತಾಯಿಯ ಗದ್ದುಗೆಯ ಮೇಲೆ ಅಂಗೈ ಊರಿದ. “ನನ್ನ ತಂಗೀದ ಐತಿ. ಮತ್ಯಾರದ ಇರತೈತಿ?”

ಅವನು ಸುಳ್ಳು ಹೇಳಲಿಲ್ಲ. ನಿಜವಾಗಿಯೂ ಹಾಗೆಂದೇ ನಂಬಿದ್ದ. ಅದನ್ನು ಕಂಡು ಅನ್ನಪೂರ್ಣಾಳಿಗೆ ಅವನ ಮೇಲೆ ಮೊದಲಿಗಿಂತ ಹೆಚ್ಚು ಹೇಸಿಗೆಯಾಯಿತು.

“ಏ ಕಾಡ್ಯಾ,” ಎಂದು ಹೆಂಗಸರ ಗುಂಪಿನಿಂದ ಬಾಯವ್ವ ಎದ್ದಳು. ದೇವಕ್ಕನ ಜೊತೆ ಇದೇ ಊರಲ್ಲಿ ಆಡಿ ಬೆಳೆದ ಮುದುಕಿ ಅವಳು. “ಅದು ಯಾವಾಕಿದೋ ಬೆಂಗಳೂರಾಕಿ ದನಿ. ಒಂದ ಹೊಟ್ಟ್ಯಾಗ ಹುಟ್ಟಿ ತಂಗಿ ದನಿ ಗುರ್ತ ಇಲ್ಲೇನೋ ನಿನಗ?”

ಕಾಡಪ್ಪ ಖಾಸಿಮಸಾಬನ ಕಡೆ ನೋಡಿದ.

“ಹೌದ್ರಿ,” ಎಂದ ಮಾಸ್ತರ, “ಮಾರಿ ಅಷ್ಟ ಅಕೀದು. ನೀವು ಅಕಿ ದನಿ ಕೇಳಿದ್ದು ಎಂದ್ರಿ ಕಡೀಕ?”

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಕಾಡಪ್ಪ ಗದ್ದುಗೆಯ ಮೇಲಿನ ಕೈಯನ್ನು ಕಿತ್ತುಕೊಂಡು ಪಂಚೆಗೆ ಒರೆಸಿಕೊಂಡ. ಅನ್ನಪೂರ್ಣಾ ಬೇವಿನ ಗಿಡದ ಬುಡಕ್ಕೆ ಹೋಗಿ ವೈರು ಜಗ್ಗಿದಳು, ಸ್ಪೀಕರ್ ಅರ್ಧ ಮಾತಿನಲ್ಲೇ ನಿಂತಿತು. ಕಲ್ಮೇಶ ಅಪ್ಪನನ್ನು ನೋಡಿದ, ಅಪ್ಪ ನೆಲ ನೋಡುತ್ತಿದ್ದ. ಯಾರೂ ಅವಳನ್ನು ತಡೆಯಲಿಲ್ಲ.

ಹೆಣವನ್ನು ಕುಣಿಯೊಳಗೆ ಕೂಡಿಸಿದರು. ಅಯ್ಯನವರು ಬಿಲ್ವಪತ್ರಿ ಹಾಕಿದರು, ವಿಭೂತಿ ಗಟ್ಟಿ ಇಟ್ಟರು, ಮಂತ್ರ ಮುಗಿಸಿ ಮೇಲೆ ಬಂದರು. “ತವರಿನವರು ಮೊದಲ ಮಣ್ಣ ಹಾಕ್ರಿ,” ಎಂದರು.

ಕಾಡಪ್ಪ ಬಾಗಿ ಒಂದು ಹಿಡಿ ಮಣ್ಣು ಎತ್ತಿಕೊಂಡ.

ಬದುವಿನ ಮೇಲೆ ಪೇಟಿ ಉಸಿರೆಳೆಯಿತು. ಖಾಸಿಮಸಾಬ ಪ್ರವೇಶದ ಹಾಡಿನ ಮೊದಲ ಸಾಲು ಬಾರಿಸಿದ. ಸಾಲು ಮುಗಿಯಿತು, ಮುಂದಕ್ಕೆ ಹೋಗಲಿಲ್ಲ. ತಿರುಗಿ ಮೊದಲಿನಿಂದ ಬಾರಿಸಿದ. ಗುಂಪಿನಲ್ಲಿ ಕಂಪನಿ ನಾಟಕ ನೋಡಿ ಬೆಳೆದ ಮುದುಕರಿದ್ದರು. ಒಬ್ಬೊಬ್ಬರಾಗಿ ಕುಣಿಯಿಂದ ಮುಖ ತಿರುಗಿಸಿ ಬೇವಿನ ಗಿಡದ ಎಡಮಗ್ಗುಲಿಗೆ, ಯಾರೂ ಇಲ್ಲದ ಕಡೆಗೆ, ಪಾತ್ರ ಬರುವ ಪರದೆಯ ಬದಿಗೆಂಬಂತೆ ನೋಡತೊಡಗಿದರು.

ಕಾಡಪ್ಪ ಮಣ್ಣಿನ ಕೈಯನ್ನು ಕುಣಿಯ ಕಡೆಗೆ ಎತ್ತಿದ.

“ತಡೀರಿ ಮಾಮಾ,” ಎಂದಳು ಅನ್ನಪೂರ್ಣಾ. “ಅಕಿ ಇನ್ನೂ ಬಂದಿಲ್ಲ.”

ಮಾಸ್ತರ ಮತ್ತೆ ಮೊದಲ ಸಾಲಿಗೆ ಬಂದ. ಎತ್ತಿದ ಕೈ ಎತ್ತಿದಂತೆಯೇ ಇತ್ತು. ಬೆರಳ ಸಂದಿಯಿಂದ ಮಣ್ಣು ಉದುರಿ ಕಾಡಪ್ಪನ ಕಾಲ ಮೇಲೆಯೇ ಬೀಳುತ್ತಿತ್ತು.