ಕೊನೆಯ ಕಾಲು ಒರೆಸುವ ತನಕ

ನಮ್ಮ ಅಕ್ಕಿಆಲೂರಿನ ಸಣ್ಣ ಚರ್ಚಿನಲ್ಲಿ ಹಾಡು ಆರಿಸುವ ಕೆಲಸ ನನ್ನದು. ಆ ವಾರದ ಪಾಠ ಯಾವುದು, ಅಂದರೆ ಬೈಬಲಿನ ಯಾವ ಭಾಗ ಓದುತ್ತಾರೆಂದು ಪಾಸ್ಟರು ಮೊದಲೇ ಹೇಳುತ್ತಾರೆ. ರೊಟ್ಟಿ ಬಡಿಯುವಾಗ ಅದನ್ನೇ ಬಾಯಲ್ಲಿ ಆಡಿಸಿಕೊಂಡು ಅದಕ್ಕೆ ಒಪ್ಪುವ ಹಾಡು ಹುಡುಕುತ್ತೇನೆ. ಸಾವಿನ ಪಾಠಕ್ಕೆ ಕುಣಿಯುವ ಹಾಡು, ಪಶ್ಚಾತ್ತಾಪದ ಪಾಠಕ್ಕೆ ಚಪ್ಪಾಳೆಯ ಹಾಡು ಹಾಕುವವರನ್ನು ಕಂಡರೆ ನನಗೆ ಮೈಯುರಿಯುತ್ತದೆ. ಅಂಥವರಲ್ಲಿ ನಮ್ಮ ಸಭೆಯ ಹಿರಿಯ ಸುಭಾಸಣ್ಣನೇ ಮೊದಲಿಗ.

ಶುಭ ಶುಕ್ರವಾರದ ಹಿಂದಿನ ದಿನ ನಾವು ಯೇಸು ಶಿಷ್ಯರ ಕಾಲು ತೊಳೆದ ಭಾಗ ಓದುತ್ತೇವೆ. ಓದಿದ ಮೇಲೆ ಪಾಸ್ಟರು ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಮುಂದಿನ ಬೆಂಚಿನವರ ಕಾಲು ತೊಳೆಯುತ್ತಾರೆ. ನಮ್ಮಲ್ಲೊಂದು ಹಳೆಯ ಪದ್ಧತಿಯಿದೆ: ಕೊನೆಯ ಕಾಲು ಒರೆಸುವ ತನಕ ಹಾಡು ನಿಲ್ಲಬಾರದು, ಹಾಡು ನಿಲ್ಲುವ ತನಕ ಯಾರೂ ಏಳಬಾರದು. ಹಾಗಾಗಿ ಎಷ್ಟು ಎಳೆದರೂ ತಾಳುವ ಹಾಡೇ ಬೇಕು. ನಾನು ನಿಧಾನದ ಒಂದು ಭಜನೆ ಆರಿಸಿದ್ದೆ. ಒಡೆಯ ನೆಲದ ಮೇಲೆ, ಆಳು ಮಣೆಯ ಮೇಲೆ ಎಂಬುದು ಅದರ ಪಲ್ಲವಿ.

ಈ ಸಲ ಪಾಸ್ಟರು ಹಾನಗಲ್ಲಿನ ಸಭೆಗೆ ಹೋಗಬೇಕಾಗಿ ಬಂದು, ಟವೆಲ್ ಸುಭಾಸಣ್ಣನ ಪಾಲಾಯಿತು. ಆ ಮನುಷ್ಯ ಮೊದಲು ಮಾಡಿದ್ದು ವಿಡಿಯೋ ತೆಗೆಯುವವನನ್ನು ಗೊತ್ತು ಮಾಡಿದ್ದು. ಆಮೇಲೆ ನನ್ನ ಹಾಡಿಗೆ ಕೈಹಾಕಿದ.

“ಅಳೋ ಹಾಡು ಯಾಕ ತಂಗಿ? ಕೀಬೋರ್ಡ್ ಹಚ್ಚಿ ಜೋರ್ ಒಂದು ಸ್ತುತಿ ಹಾಡು ಹಾಕು. ವಿಡಿಯೋದಾಗ ಕಳೆ ಬರ್ತೈತಿ.”

“ಪಾಠದಾಗ ಸ್ವಾಮಿ ಕಾಲು ತೊಳ್ಯಾಕತ್ತಾನ್ರಿ, ಕುಣ್ಯಾಕತ್ತಿಲ್ಲ,” ಎಂದೆ.

ಮುಖ ಸಿಂಡರಿಸಿಕೊಂಡು ಹಾಡು ಬಿಟ್ಟುಕೊಟ್ಟ. ಆದರೆ ಮುಂದಿನ ಬೆಂಚಿನವರಿಗೆಲ್ಲ ಹೇಳಿ ಕಳಿಸಿದ: “ಮನ್ಯಾಗ ಸಾಬಾಣ ಹಚ್ಚಿ ಕಾಲು ತೊಳಕೊಂಡ ಬರ್ರಿ.”

ತೊಳೆಸಿಕೊಳ್ಳುವ ಕಾಲನ್ನು ತೊಳೆದು ತರಬೇಕಂತೆ! ತಂದರು ಕೂಡ. ಗುರುವಾರ ಸಂಜೆ ಆ ಬೆಂಚಿನ ಕೆಳಗೆ ಕೊಬ್ಬರಿ ಎಣ್ಣೆ ಸವರಿದ ಕಾಲು, ಉಗುರಿಗೆ ಬಣ್ಣ ಬಳಿದ ಕಾಲು, ಪೌಡರು ಹಾಕಿದ ಕಾಲು ಎಲ್ಲ ಸಾಲಾಗಿದ್ದವು.

ಬೆಂಚಿನ ತುದಿಗೆ ಅಡಿವೆವ್ವ ಕೂತಿದ್ದಳು. ಪಾಸ್ಟರೇ ಹೆಸರು ಹೇಳಿ ಹೋಗಿದ್ದರಿಂದ ಆಕೆಯನ್ನು ಕೈಬಿಡಲು ಸುಭಾಸಣ್ಣನಿಗೆ ಆಗಿರಲಿಲ್ಲ. ಹೊಲಕ್ಕೆ ತಿಪ್ಪೆಗೊಬ್ಬರ ಹೊರುವ ಕೂಲಿ ಮುಗಿಸಿ, ತಡವಾದೀತೆಂದು ಹಾಗೆಯೇ ಓಡಿಬಂದಿದ್ದಳು. ಹಿಮ್ಮಡಿ ಬಿರುಕು ಬಿಟ್ಟಿತ್ತು, ಬೆರಳ ಸಂದಿಯಲ್ಲಿ ಗೊಬ್ಬರ ಒಣಗಿತ್ತು. ಆ ಬೆಂಚಿಗೆ ಆಕೆಯನ್ನು ಕರೆದದ್ದು ಅದೇ ಮೊದಲು. ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು. ಈಗ ಅಕ್ಕಪಕ್ಕದ ಕಾಲುಗಳನ್ನು ನೋಡಿ, ಸೀರೆಯ ಅಂಚು ಎಳೆದೆಳೆದು ತನ್ನವನ್ನು ಮುಚ್ಚುತ್ತಿದ್ದಳು.

ನಾನು ಹಾರ್ಮೋನಿಯಂ ಎಳೆದುಕೊಂಡು ಹಾಡು ಹಿಡಿದೆ. ನನ್ನ ಗಂಡ ಕೊಟ್ರೇಶ ಡೋಲಕ್ ಬಾರಿಸುತ್ತಿದ್ದ. ಸುಭಾಸಣ್ಣ ಕ್ಯಾಮೆರಾಕ್ಕೆ ಮುಖ ಕೊಟ್ಟು, ಒಬ್ಬೊಬ್ಬರ ಪಾದಕ್ಕೆ ನೀರು ಚಿಮುಕಿಸಿ, ಟವೆಲ್ ಮುಟ್ಟಿಸುತ್ತ ಬಂದ. ಅಡಿವೆವ್ವನ ಹತ್ತಿರ ಬಂದವನೇ ಮೂಗು ಮುರಿದ. ತಂಬಿಗೆ ಕೆಳಗಿಟ್ಟು, ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಆಚೆ ಸರಿದು ನಿಂತು, ಮುಗಿಸು ಎಂದು ನನಗೆ ಕೈಸನ್ನೆ ಮಾಡಿದ.

ನಾನು ಪಲ್ಲವಿಗೆ ಮರಳಿದೆ.

ಮತ್ತೆ ಕೈ ಆಡಿಸಿದ. ಮತ್ತೆ ಪಲ್ಲವಿ. ಕೊಟ್ರೇಶ ಗಾಬರಿಯಿಂದ ನನ್ನ ಮುಖ ನೋಡಿದ, ಆದರೂ ಪುಣ್ಯಾತ್ಮ ಕೈ ಬಿಡಲಿಲ್ಲ. ಜನ ಅಡಿವೆವ್ವನ ಒಣ ಕಾಲು ನೋಡಿದರು. ಅವರಿಗೂ ಅರ್ಥವಾಯಿತು. ಹಿಂದಿನ ಸಾಲಿನಿಂದ ಒಬ್ಬೊಬ್ಬರಾಗಿ ದನಿ ಸೇರಿಸಿದರು. ವಿಡಿಯೋ ಓಡುತ್ತಲೇ ಇತ್ತು. ನನ್ನ ಗಂಟಲು ಒಣಗಿತು, ಬಿಡಲಿಲ್ಲ.

ಕೊನೆಗೆ ಸುಭಾಸಣ್ಣ ಹಲ್ಲು ಕಚ್ಚಿಕೊಂಡು ವಾಪಸು ಬಂದ. ಸತ್ತ ಇಲಿಯ ಬಾಲ ಹಿಡಿದ ಹಾಗೆ ಎರಡೇ ಬೆರಳಲ್ಲಿ ಆಕೆಯ ಹೆಬ್ಬೆರಳು ಹಿಡಿದು, ಮುಖ ಅತ್ತ ತಿರುಗಿಸಿ ನೀರು ಸುರಿದ. ಗೆದ್ದೆನೆಂದು ನನಗೆ ಖುಷಿಯಾಗಬೇಕಿತ್ತು. ಆದದ್ದು ಅಸಹ್ಯ. ಆತನ ಮೇಲೂ, ಅಂಥ ಕೈಗೆ ಆಕೆಯ ಕಾಲು ಕೊಡಿಸಿದ ನನ್ನ ಹಟದ ಮೇಲೂ.

ಅಡಿವೆವ್ವ ಕಾಲು ಹಿಂದಕ್ಕೆ ಎಳೆದುಕೊಂಡಳು.

“ಬ್ಯಾಡ ಬಿಡ್ರಿ ಯಪ್ಪಾ. ನನ್ನ ಕಾಲು ನಾನ ತೊಳಕೊಂತೇನಿ.”

ತಂಬಿಗೆ ಎತ್ತಿಕೊಂಡು ಎಲ್ಲರೆದುರೇ ತೊಳೆದುಕೊಂಡಳು, ಬೆರಳ ಸಂದಿಯನ್ನೂ ಬಿಡದೆ. ತನ್ನ ಸೆರಗಿನಿಂದಲೇ ಒರೆಸಿಕೊಂಡಳು. ಆಗ ನಾನು ಹಾಡು ನಿಲ್ಲಿಸಿದೆ.

ಹೊರಗೆ ಬಂದರೆ ಸುಭಾಸಣ್ಣ ನಳದ ಕೆಳಗೆ ಮೊಣಕೈ ತನಕ ಸಾಬೂನು ಉಜ್ಜುತ್ತಿದ್ದ. ಏನೂ ಆಗದವನಂತೆ ಕೇಳಿದ: “ನಾಳಿಗೆ ಯಾವ ಹಾಡು ತಂಗಿ?”

ನಾಳೆಯ ಪಾಠ ನೆನಪಾಯಿತು. ಯೇಸುವನ್ನು ಶಿಲುಬೆಗೆ ಒಪ್ಪಿಸಿದ ಅಧಿಪತಿ, ನೀರು ತರಿಸಿ ಜನರೆದುರು ಕೈ ತೊಳೆದುಕೊಳ್ಳುವ ಭಾಗ.

“ನಾಳಿನ ಪಾಠಕ್ಕ ಹಾಡು ಬ್ಯಾಡ್ರಿ,” ಎಂದೆ. “ನೀವು ಹಿಂಗ ಮುಂದ ನಿಂತು ಕೈ ತೊಳಕೋರಿ. ಸಾಕು.”