ಬಲಗಡೆಯ ಗುಂಡಿಗೆ

ಸ್ಕ್ಯಾನಿಂಗ್ ಡಾಕ್ಟರು ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದಾಗಲೇ ಮಲಗಿದ್ದ ಅವಳು ತೆರೆಯತ್ತ ಕತ್ತು ತಿರುಗಿಸಿದಳು. ಅಷ್ಟು ಹೊತ್ತು ಮಗುವಿನ ಕಾಲು, ಮೂಗು ಎಂದು ತೋರಿಸುತ್ತಿದ್ದ ಆಕೆ ಈಗ ತುಟಿ ಬಿಗಿಹಿಡಿದು, ಅವಳ ಹೊಟ್ಟೆಯ ಒಂದೇ ಜಾಗವನ್ನು ಮತ್ತೆ ಮತ್ತೆ ಒತ್ತುತ್ತಿದ್ದರು.

ಗುಂಡಿಗೆ ನೋಡುವುದೇ ಅವಳ ಕಸುಬು. ಪ್ರಯೋಗಾಲಯದಲ್ಲಿ ಕಾವು ಕೊಟ್ಟ ಕೋಳಿಮೊಟ್ಟೆಯ ಚಿಪ್ಪಿಗೆ ಕಿಂಡಿ ಕೊರೆದು, ನೆಟ್ಟಗಿನ ಕೊಳವೆಯಂಥ ಪುಟ್ಟ ಗುಂಡಿಗೆ ಬಲಕ್ಕೆ ಬಾಗುವುದನ್ನು ವರ್ಷಗಟ್ಟಲೆ ಕಂಡವಳು. ಎಡ ಯಾವುದು, ಬಲ ಯಾವುದು ಎಂಬ ಸುಳಿವು ತಪ್ಪಿದರೆ ಆ ಕೊಳವೆ ಅಡ್ಡಾದಿಡ್ಡಿ ಬಾಗಿ, ರಕ್ತನಾಳಗಳು ಎಲ್ಲೆಲ್ಲೋ ಕೂಡಿಕೊಳ್ಳುವುದೂ ಅವಳಿಗೆ ಗೊತ್ತಿತ್ತು.

“ಗುಂಡಿಗೆ ಬಲಗಡೆ ಇದೆ, ಅಲ್ವಾ ಡಾಕ್ಟ್ರೇ?”

“ತಾಳಮ್ಮಾ, ಮಗು ಹೇಗೆ ಮಲಗಿದೆ ನೋಡ್ತೀನಿ.”

“ತಲೆ ಕೆಳಗಿದೆ, ಬೆನ್ನು ಆ ಕಡೆ. ನನಗೂ ಕಾಣ್ತಿದೆ.”

ಪಕ್ಕದಲ್ಲಿ ನಿಂತಿದ್ದ ಗಂಡನ ಮುಖ ಕಳೆಗುಂದಿತು. “ಬಸ್ ಓಡಿಸೋನಿಗೆ ಎಡಬಲ ಗೊತ್ತಾಗಲ್ವಾ? ನನಗೂ ಬಿಡಿಸಿ ಹೇಳೇ.”

“ಗುಂಡಿಗೆ ಒಂದೇ ಆ ಕಡೆ ಹೋಗಿದ್ರೆ ಕಷ್ಟ ಕಣೋ. ಜಠರ, ಪಿತ್ತಕೋಶ ಎಲ್ಲಾ ಒಟ್ಟಿಗೇ ಕನ್ನಡಿಯಲ್ಲಿ ಕಂಡ ಹಾಗೆ ಅದಲುಬದಲಾಗಿದ್ರೆ ಅಷ್ಟು ಭಯ ಇಲ್ಲ.”

ನುಂಗಿದ ನೀರು ತುಂಬಿದ ಮಗುವಿನ ಜಠರ ತೆರೆಯ ಮೇಲೆ ಎಡಕ್ಕೋ ಬಲಕ್ಕೋ ಕಪ್ಪು ಗುಳ್ಳೆಯಂತೆ ಕಾಣಬೇಕಿತ್ತು. ಕಾಣಲಿಲ್ಲ. “ಮಗು ಇನ್ನೂ ಗರ್ಭದ ನೀರು ನುಂಗಿಲ್ಲ. ಸ್ವಲ್ಪ ಓಡಾಡಿ ಬನ್ನಿ,” ಎಂದರು ಡಾಕ್ಟರು.

ಓಣಿಯಂಥ ಮೊಗಸಾಲೆಯಲ್ಲಿ ಇಬ್ಬರೂ ಅತ್ತಿಂದಿತ್ತ ನಡೆದರು. ಎದುರು ಬಂದ ಗರ್ಭಿಣಿಯೊಬ್ಬಳು ನಕ್ಕಳು. ಇವಳಿಗೆ ನಗು ಬರಲಿಲ್ಲ. ಗಂಡ ಅವಳ ಕೈಯನ್ನು ಸ್ಟಿಯರಿಂಗ್ ಹಿಡಿದ ಹಾಗೆ ಬಿಗಿಯಾಗಿ ಹಿಡಿದಿದ್ದ.

“ಕುಡಿಯೋ ಮರೀ, ಒಂದು ಗುಟುಕು ಕುಡಿ,” ಎಂದು ಅವಳ ಹೊಟ್ಟೆಗೆ ಪಿಸುಗುಟ್ಟಿದ. “ನಿಮ್ಮಮ್ಮನ ಜೀವ ಬಾಯಿಗೆ ಬಂದಿದೆ.”

ಮತ್ತೆ ಮಲಗಿದಾಗ ಅವಳು ಕಣ್ಣು ಮುಚ್ಚಿಕೊಂಡಳು. ನೋಡುವ ಧೈರ್ಯ ಸಾಲಲಿಲ್ಲ.

“ಗುಳ್ಳೆ ಕಾಣ್ತಿದೆ,” ಎಂದರು ಡಾಕ್ಟರು. “ಬಲಗಡೆ.”

“ನಾಳಗಳು?”

ಡಾಕ್ಟರು ಅವಳ ಹೊಟ್ಟೆಯ ಮೇಲಿನ ಸಾಧನವನ್ನು ಓರೆ ಮಾಡಿ ಗುಂಡಿಗೆಯನ್ನು ಮತ್ತೊಮ್ಮೆ ನೋಡಿದರು.

“ನಾಲ್ಕು ಕೋಣೆಗಳೂ ಸರಿಯಾಗಿವೆ. ದೊಡ್ಡ ನಾಳಗಳೆರಡೂ ಹೊರಡಬೇಕಾದ ಕಡೆಯಿಂದಲೇ ಹೊರಟಿವೆ. ಎಲ್ಲಾ ತಿರುವುಮುರುವು, ಆದ್ರೆ ಅಚ್ಚುಕಟ್ಟು. ಇಂಥ ಕೆಲವು ಮಕ್ಕಳಿಗೆ ಶ್ವಾಸದ ತೊಂದರೆ ಇರುತ್ತೆ, ಅದಕ್ಕೆ ಹುಟ್ಟಿದ ಮೇಲೆ ಉಸಿರಾಟ ಮಾತ್ರ ಒಮ್ಮೆ ಪರೀಕ್ಷೆ ಮಾಡಿಸಬೇಕು.”

ಆಗ ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಮಗಳು ಹುಟ್ಟಿದ ದಿನ ಆಸ್ಪತ್ರೆಯ ಸೂರು ಕಿತ್ತುಹೋಗುವಂತೆ ಕಿರುಚಿದಳು. ಪರೀಕ್ಷೆಯಲ್ಲೂ ಉಸಿರಾಟಕ್ಕೆ ಏನೂ ತೊಂದರೆ ಕಾಣಲಿಲ್ಲ. ಗಂಡ ಮಗುವನ್ನು ಎತ್ತಿಕೊಳ್ಳಲು ಹೋಗಿ, ಯಾವ ತೋಳಿಗೆ ಹಾಕಿಕೊಳ್ಳಬೇಕೆಂದು ತಿಳಿಯದೆ ಕ್ಷಣ ತಬ್ಬಿಬ್ಬಾದ.

“ಯಾವ ಕಡೆ ಆದ್ರೂ ಆಗುತ್ತೆ, ಮೊದಲು ಎತ್ಕೋ,” ಎಂದಳು ಅವಳು.