ಬಿಸಿಲಿರುವಾಗಲೇ ಮುಗಿದ ಸಭೆ

ಬಿಸಿಲು ಜಗಲಿಯ ಕಂಬ ಹತ್ತುತ್ತಿದೆ, ಅರ್ಧ ಹತ್ತಿದರೆ ನಾನು ಊಟಕ್ಕೆ ಕೂರಬೇಕು, ತುದಿ ಬಿಟ್ಟು ಹೋಗುವ ಮೊದಲು ಕೈ ತೊಳೆದಿರಬೇಕು, ನಮ್ಮ ಅಪ್ಪನಿಗೂ ಇದೇ ಗಡಿಯಾರ, ಸೂರ್ಯ ಮುಳುಗಿದ ಮೇಲೆ ಜೈನನ ಬಾಯಿಗೆ ಅನ್ನ ಹೋಗಬಾರದು — ಬನ್ನಿ, ಬಡಿಸಿ ಆಯ್ತು, ಹೆಂಡತಿ ಪುಷ್ಪಾವತಿ ಒಳಗಿನಿಂದ ಕರೆಯುತ್ತಾಳೆ, ಕುಚ್ಚಲಕ್ಕಿ ಅನ್ನದ ಹಬೆ, ಹೆಸರುಕಾಳಿನ ಸಾರು, ಬಂದೆ ಮಾರಾಯ್ತಿ ಎನ್ನುತ್ತೇನೆ, ಏಳುವುದಿಲ್ಲ, ಯಾಕೆಂದರೆ ದಾರಿಯಲ್ಲಿ ಅವಳು ಬರುವ ಹೊತ್ತು, ಬೀಪಾತುಮ್ಮನ ಮಗಳು ಸಾಲಿಹಾ, ತಲೆಯ ಮೇಲೆ ಮನೆಯಲ್ಲಿ ಕಟ್ಟಿದ ಬೀಡಿ ತುಂಬಿದ ಗೆರಸೆ, ದಿನಾ ಇದೇ ಹೊತ್ತಿಗೆ ವಾಮದಪದವಿನ ಬೀಡಿ ಅಂಗಡಿಗೆ ಕೊಡಲು ಹೋಗುತ್ತಾಳೆ, ಹನ್ನೆರಡು ವರ್ಷ, ಆರನೇ ಕ್ಲಾಸಿನಲ್ಲಿರಬೇಕಾದವಳು, ನಮ್ಮ ಶಾಲೆಯಲ್ಲಿ ಈಗ ಆರನೇ ಕ್ಲಾಸೇ ಇಲ್ಲ, ತೆಗೆದದ್ದು ಯಾರು, ಆಡಳಿತ ಮಂಡಳಿ, ಮಂಡಳಿಯ ಅಧ್ಯಕ್ಷ ಯಾರು, ಹೇಮಚಂದ್ರ, ಅಂದರೆ ನಾನು, ಹೇಳು, ಬಾಯಿ ಬಿಟ್ಟು ಹೇಳು.

ಮಾರ್ಚ್ ತಿಂಗಳು, ಅವತ್ತು ಬೆಳಿಗ್ಗೆ ಬೀಪಾತುಮ್ಮ ಇದೇ ಅಂಗಳದಲ್ಲಿ ನಿಂತು ತುಳುವಿನಲ್ಲಿ ಹೇಳಿದಳು, ಧನಿಗಳೇ, ಸಭೆಯಲ್ಲಿ ನನಗೆ ಒಂದು ಮಾತು ಹೇಳ್ಲಿಕ್ಕುಂಟು, ನನಗೆ ನಿಮ್ಮ ಕನ್ನಡ ಬರುವುದಿಲ್ಲ, ಮಗಳು ಹೇಳ್ತಾಳೆ, ಅವಳು ಶಾಲೆಯಲ್ಲಿ ಕಲ್ತಿದ್ದಾಳೆ — ಆಯ್ತು, ಬನ್ನಿ, ಕೊನೆಗೆ ಕರೀತೇನೆ ಅಂದೆ, ಮಾತು ಕೊಟ್ಟೆ, ಕೊಟ್ಟದ್ದು ನೆನಪಿತ್ತು, ಮರೆತೆ ಎಂದರೆ ಸುಳ್ಳು. ಮಂಡಳಿಯ ಏಳು ಮಂದಿಯಲ್ಲಿ ನಾಲ್ವರು ಜೈನರು, ಹಾಗಾಗಿ ನಮ್ಮ ಸಭೆ ಯಾವಾಗಲೂ ಬಿಸಿಲಿರುವಾಗಲೇ ಮುಗಿಯಬೇಕು, ರೂಢಿ, ಯಾರೂ ಕೇಳುವುದಿಲ್ಲ, ಅವತ್ತು ಮಾಡಿನ ಹಂಚು ಬದಲಿಸುವ ಮಾತೇ ಒಂದು ಗಂಟೆ ತಿಂದಿತು, ಹೆಡ್ಮಾಸ್ಟರು ರಮಾನಾಥ ಎದ್ದು ಓದುವಾಗ ಬಿಸಿಲು ಕರಿಹಲಗೆ ದಾಟಿ ಮೇಲೆ ಹೋಗಿತ್ತು, ಆರರಿಂದ ಎಂಟರವರೆಗೆ ಮೂವತ್ತು ಮಕ್ಕಳಾದರೂ ಬೇಕು ಎಂದು ಇನ್ಸ್‌ಪೆಕ್ಟರರ ಷರಾ, ಇರುವವರು ಹತ್ತೊಂಬತ್ತು, ಆ ಮೂರು ತರಗತಿ ಮುಚ್ಚುವ, ಮಕ್ಕಳು ಬಸ್ಸು ಹಿಡಿದು ಬಂಟ್ವಾಳಕ್ಕೆ ಹೋಗಲಿ, ನನ್ನ ಹೊಟ್ಟೆ ಚುರುಗುಟ್ಟುತ್ತಿತ್ತು, ಕಿಟಕಿಯ ಆಚೆ ಆ ಹುಡುಗಿ, ಒಂದು ಕೈಯಲ್ಲಿ ಸರಳು ಹಿಡಿದಿದ್ದಾಳೆ, ಇನ್ನೊಂದು ಕೈ ಎತ್ತಿದ್ದಾಳೆ, ಅನುಮತಿ ಕೇಳದೆ ಮಾತಾಡಬಾರದು ಎಂದು ಅವಳಿಗೆ ಕಲಿಸಿದ್ದು ನಮ್ಮ ಶಾಲೆಯೇ, ಕೈ ನೋವಾದರೆ ಇನ್ನೊಂದು ಕೈ ಎತ್ತುತ್ತಾಳೆ, ನೋಡಿದೆ, ನೋಡಿ ಸೂರ್ಯನನ್ನು ನೋಡಿದೆ, ಒಪ್ಪಿಗೆ ಇದ್ದವರು ಕೈ ಎತ್ತಿ ಅಂದೆ, ಎಲ್ಲರೂ ಎತ್ತಿದರು, ಆಗ, ನನ್ನ ನಾಲಗೆಗೆ ಹುಳ ಬೀಳಲಿ, ಕಿಟಕಿ ತೋರಿಸಿ, ನೋಡಿ, ಹೊರಗಿನವರದ್ದೂ ಒಪ್ಪಿಗೆ ಉಂಟು ಅಂದೆ, ನಗು, ಬೆಂಚುಗಳೆಲ್ಲ ಅಲುಗುವ ಹಾಗೆ ನಗು, ಮಾಸ್ಟರು ಮಾತ್ರ ನಗಲಿಲ್ಲ, ತಲೆ ತಗ್ಗಿಸಿ ಬರೆದರು, ಸರ್ವಾನುಮತ, ಸಹಿ ಹಾಕಿ ಓಡುನಡಿಗೆಯಲ್ಲಿ ಮನೆಗೆ ಬಂದೆ, ಉಂಡೆ, ಕೈ ತೊಳೆದೆ, ಒರೆಸಿಕೊಳ್ಳುತ್ತಾ ನೋಡಿದರೆ ಕಂಬದ ಮೇಲೆ ಇನ್ನೂ ಒಂದು ಗೇಣು ಬಿಸಿಲು ಉಳಿದಿತ್ತು.

ಒಂದು ಗೇಣು, ಅಷ್ಟರಲ್ಲಿ ಆ ಮಗು ಎಷ್ಟು ಮಾತು ಹೇಳಬಹುದಿತ್ತು, ಹನ್ನೊಂದು ಹೆಸರು ಹೇಳಬಹುದಿತ್ತು, ಮರುದಿನ ಬೀಪಾತುಮ್ಮ ಬಂದು ಹೇಳಿದ್ದು ಅದನ್ನೇ, ಬಯ್ಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ನಮ್ಮ ಕೇರಿಯ ಹನ್ನೊಂದು ಹೆಣ್ಣುಮಕ್ಕಳು ಧನಿಗಳೇ, ಐದಕ್ಕೇ ಬಿಡಿಸಿದವರು, ಒಂದು ತಿಂಗಳು ಮನೆಮನೆಗೆ ಹೋಗಿ ಒಪ್ಪಿಸಿದ್ದೆ, ಇಲ್ಲೇ ಆದರೆ ಕಳಿಸ್ತೇವೆ ಅಂದಿದ್ರು, ಬಸ್ಸಿನಲ್ಲಿ ಬಂಟ್ವಾಳಕ್ಕೆ ಯಾರು ಕಳಿಸ್ತಾರೆ — ಹತ್ತೊಂಬತ್ತಕ್ಕೆ ಹನ್ನೊಂದು, ಎರಡನೇ ಕ್ಲಾಸಿನ ಮಗುವೂ ಕೂಡಿಸೀತು. ನಾನು ನೀರು ಸೋಸಿ ಕುಡಿಯುವವ, ಒಂದು ಹುಳು ಸಾಯಬಾರದು ಎಂದು, ಥೂ. ನೀವೇ ಇಲಾಖೆಗೆ ಒಂದು ಕಾಗದ ಬರೀರಿ, ಪೋಷಕರ ಮಾತು ಕೇಳದೆ ನಿರ್ಣಯ ಆಯ್ತು ಅಂತ ಬರೆದ್ರೆ ಮತ್ತೆ ತೆರೆದಾರು, ಎಂದು ರಮಾನಾಥ ಮಾಸ್ಟರು ಹೇಳಿ ಏಳು ತಿಂಗಳಾಯಿತು, ಕಾಗದ ಪೆಟ್ಟಿಗೆಯಲ್ಲಿ ಉಂಟು, ಮಾನ್ಯರೇ ಎಂದು ಬರೆದದ್ದು ಅಲ್ಲಿಗೇ ನಿಂತಿದೆ, ಯಾಕೆ ಕೇಳಲಿಲ್ಲ ಎಂದು ಮೇಲಿನವರು ಕೇಳಿದರೆ ಏನು ಹೇಳಲಿ, ಹಸಿವಾಗಿತ್ತು ಎಂದೇ, ಅಧ್ಯಕ್ಷರಿಗೆ ಹಸಿವಾಗಿತ್ತು ಎಂದು ಊರೆಲ್ಲ ನಗುವುದಿಲ್ಲವೇ, ನಗಲಿ, ನಗಬಾರದ್ದಕ್ಕೆ ನಗಿಸಿದವನು ನಾನಲ್ಲವೇ, ನಾಳೆ ಬರೆಯುತ್ತೇನೆ, ನಿನ್ನೆಯೂ ನಾಳೆ ಅಂದಿದ್ದೆ.

ಕೇಳ್ತದಾ, ಅನ್ನ ತಣಿಯಿತು, ಬಿಸಿಲು ಹೋಗ್ತಾ ಉಂಟು, ಇವತ್ತು ಉಪವಾಸವಾ — ಉಪವಾಸವೇ ಇರಲಿ, ಆದರೆ ನಾನು ಉಪವಾಸ ಬಿದ್ದರೆ ಆರನೇ ಕ್ಲಾಸು ಬರುತ್ತದೆಯೇ, ಅಗೋ, ಬಂದಳು, ಗದ್ದೆಯ ಬದುವಿನ ಮೇಲೆ, ಬರಿಗಾಲು, ಈ ಕಡೆ ತಿರುಗಿ ನೋಡುವುದಿಲ್ಲ, ಕಂಬದ ತುದಿಯಿಂದ ಬಿಸಿಲು ಜಾರಿ ಹೋಯಿತು, ತಲೆಯ ಮೇಲೆ ಗೆರಸೆ, ಬೀಳದ ಹಾಗೆ ಅದನ್ನು ಹಿಡಿದ ಕೈ, ಮೇಲೆತ್ತಿದ ಕೈ, ನೋವಾಯಿತೇನೋ, ಕೈ ಬದಲಿಸಿದಳು, ಎತ್ತಿದ ಕೈ, ಇಳಿಸು ಮಗಳೇ, ಕರೆದೆ, ಈಗ ಕರೆದೆ, ಹೇಳು — ಕೈ ಇನ್ನೂ ಮೇಲೆಯೇ ಉಂಟು